ಬದಲಿ ಡಾಕ್ಟರ ಸಹಿ

ದೆಹಲಿಯ ಜನಕಪುರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಡಾ. ಸಭರ್ವಾಲರ ಹಿತ್ತಾಳೆ ಬೋರ್ಡಿನ ಕೆಳಗೆ ಒಂದು ಬಿಳಿ ಹಾಳೆ ಅಂಟಿಸಿದ್ದರು: ಡಾ. ಹಂಸಿನಿ, ಬದಲಿ ವೈದ್ಯರು, ಶುಕ್ರವಾರದವರೆಗೆ. ಅದನ್ನು ಕಂಡಾಗಲೇ ಸುಮಿತ್ರಾಗೆ ನಂಬಿಕೆ ಹೋಗಿತ್ತು. ಕೈಗುಣ ಇದ್ದವರು ಹೀಗೆ ಅಲೆಯುತ್ತಾರೆಯೇ? ಎಲ್ಲೂ ಕಾಯಂ ಆಗದವರು ಹತ್ತು ದಿನ ಇಲ್ಲಿ, ಎಂಟು ದಿನ ಓಖ್ಲಾದಲ್ಲಿ ಕಾಲ ತಳ್ಳುತ್ತಾರೆ, ರೋಗಿಯ ಮುಖವೂ ನೆನಪಿರುವುದಿಲ್ಲ. ಕಾಲೋನಿಯ ಹೆಂಗಸರೆಲ್ಲ ಹೇಳುವುದು ಇದನ್ನೇ.

ಆದರೆ ಬೆಳಿಗ್ಗೆ ಬೆವರಿ, ತೊದಲಿ, ಆಟೋದಲ್ಲೇ ಒರಗಿಬಿಟ್ಟಿದ್ದ ಗಂಡ ಇಂದುಶೇಖರರಿಗೆ ಗ್ಲೂಕೋಸ್ ಏರಿಸಿ ಕಣ್ಣು ಬಿಡಿಸಿದ್ದು ಈ ಹುಡುಗಿಯೇ. ಈಗ ಡ್ರಿಪ್ ಮುಗಿದು, ಅವರು ಮಂಚದ ಅಂಚಿನಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರು.

"ನಾಳೆವರೆಗೆ ಇಲ್ಲೇ ಇರಬೇಕು ಅಂಕಲ್. ಶುಗರ್ ಮತ್ತೆ ಇಳಿಯುತ್ತೆ," ಎಂದಳು ಹಂಸಿನಿ. ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ.

"ಸಭರ್ವಾಲ್ ಹನ್ನೆರಡು ವರ್ಷದಿಂದ ನೋಡ್ತಿದಾರೆ. ಒಂದು ದಿನ ಅಡ್ಮಿಟ್ ಆಗಿ ಅಂದಿಲ್ಲ. ನೀವು ಬಂದು ನಾಲ್ಕು ದಿನ ಆಗಿಲ್ಲ," ಎಂದರು ಇಂದುಶೇಖರರು.

ಹಂಸಿನಿ ಜಗಳಕ್ಕಿಳಿಯಲಿಲ್ಲ. "ಆಂಟಿ, ಇವರ ಮಾತ್ರೆಗಳನ್ನ ತಂದಿದ್ದೀರಾ?"

ಸುಮಿತ್ರಾ ಕೈಚೀಲದಿಂದ ಎರಡು ಸ್ಟ್ರಿಪ್ ತೆಗೆದಳು. ಒಂದು ಸಭರ್ವಾಲ್ ಬರೆದುಕೊಟ್ಟದ್ದು. ಇನ್ನೊಂದು ಪಿಂಚಣಿದಾರರಿಗೆ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಕೊಡುವುದು, ಹೋದ ವಾರವಷ್ಟೇ ಹೊಸದಾಗಿ ಸೇರಿಸಿದ್ದು. ಅಲ್ಲಿನ ಮಾತ್ರೆ ಬೇರೆ, ಇಲ್ಲಿನದು ಬೇರೆ ಎಂದುಕೊಂಡು ದಿನಾ ಬೆಳಿಗ್ಗೆ ಎರಡನ್ನೂ ಗಂಡನ ಅಂಗೈಗೆ ಹಾಕುತ್ತಿದ್ದವಳು ಅವಳೇ.

ಹಂಸಿನಿ ಸ್ಟ್ರಿಪ್ಪುಗಳನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ತೋರಿಸಿದಳು. "ಕಂಪನಿ ಹೆಸರು ಬೇರೆ. ಒಳಗಿನ ಶುಗರ್ ಇಳಿಸೋ ಔಷಧಿ ಒಂದೇ. ಡಬಲ್ ಡೋಸ್ ಆಗಿದೆ. ಇದು ಒಂದು ಡ್ರಿಪ್‌ಗೆ ಹೋಗಲ್ಲ."

ಸುಮಿತ್ರಾ ಸ್ಟ್ರಿಪ್ಪುಗಳನ್ನು ಕಣ್ಣಿಗೆ ಹತ್ತಿರ ಹಿಡಿದಳು. ಈ ಹುಡುಗಿ ಹೇಳುವುದು ನಿಜವಾದರೆ ಗಂಡನನ್ನು ಈ ಸ್ಥಿತಿಗೆ ತಂದದ್ದು ತಾನು. ಸುಳ್ಳಾಗಿರಲಿ ಎಂದು ಮನಸ್ಸು ಬೇಡಿತು. ಸಭರ್ವಾಲರಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು, ಮತ್ತೆ ಸ್ವಿಚ್ ಆಫ್.

"ಬೆಡ್ ತುಂಬಿಸೋಕೆ ಇದೆಲ್ಲ," ಎಂದು ಇಂದುಶೇಖರರು ಎದ್ದು ಕೌಂಟರಿಗೇ ನಡೆದರು. "ನಮ್ಮ ಜವಾಬ್ದಾರಿ ಮೇಲೆ ಹೋಗ್ತೀವಿ. ಕೊಡಿ ಫಾರಂ."

ಹಂಸಿನಿ ಹಿಂದೆಯೇ ಬಂದು ಅವರ ಬೆರಳು ಚುಚ್ಚಿ ನೋಡಿದಳು. "ಎಪ್ಪತ್ತೊಂದು. ಅರ್ಧ ಗಂಟೆ ಹಿಂದೆ ನೂರಾ ಮೂವತ್ತಿತ್ತು. ಪ್ಲೀಸ್ ಆಂಟಿ, ಆಟೋ ಹತ್ತಿಸಬೇಡಿ."

ಅವರು ಪೆನ್ನು ಹಿಡಿದಾಗಿತ್ತು. ಮೂವತ್ತನಾಲ್ಕು ವರ್ಷ ಸಚಿವಾಲಯದ ಫೈಲುಗಳ ಮೇಲೆ ಗೆರೆ ಎಳೆದ ಹಾಗೆ ಕೂರುತ್ತಿದ್ದ ಸಹಿ ಇಂದು ನಡುಗಿ, ಗೆರೆ ದಾಟಿ, ಕೆಳಕ್ಕೆ ಜಾರಿತು. ಸುಮಿತ್ರಾ ಅದನ್ನು ನೋಡಿದಳು. ನೋಡಿದವಳೇ ಪೆನ್ನು ಕಿತ್ತುಕೊಂಡಳು.

"ನೀವು ಲಿಂಕ್ ಆಫೀಸರ್ ಆಗಿದ್ರಲ್ಲ, ಶರ್ಮಾ ರಜೆ ಹೋದಾಗೆಲ್ಲ ಅವನ ಕುರ್ಚಿ ಕೆಲಸ ನೀವೇ ನೋಡ್ತಿದ್ರಲ್ಲ? ನಾನು ಸಹಿ ಹಾಕಿದ ಫೈಲ್ ವಾಪಸ್ ಬಂತು, ಶರ್ಮಾ ಸಾಹೇಬ್ರೇ ಬರಲಿ ಅಂದ್ರು ಅಂತ ಮನೆಗೆ ಬಂದು ಊಟ ಬಿಡ್ತಿದ್ರಿ. ನನ್ನ ಸಹಿ ಸಹಿಯಲ್ವಾ ಅಂತ ಕೇಳ್ತಿದ್ರಿ. ಈಗ ಹೇಳ್ರೀ, ಈ ಮಗು ಸಹಿ ಸಹಿಯಲ್ವಾ?" ಅವಳಿಗೆ ಅಳು ಉಕ್ಕಿಬಂತು. "ಮಾತ್ರೆ ಕೊಟ್ಟಿದ್ದು ನಾನು. ನನ್ನದೇ ತಪ್ಪು. ಕೂತ್ಕೊಳ್ಳಿ."

ಇಂದುಶೇಖರರು ಏನೋ ಹೇಳಲು ಬಾಯಿ ತೆರೆದರು. ಮಾತು ಬೆಳಗಿನಂತೆಯೇ ತೊದಲಿತು. ಹಣೆಯಲ್ಲಿ ಬೆವರು ಮೂಡಿತು, ಬೆಂಚಿನ ಮೇಲೆ ಕುಸಿದರು.

"ನಲವತ್ತನಾಲ್ಕು!" ಎಂದು, ಮತ್ತೆ ಬೆರಳು ಚುಚ್ಚಿ ನೋಡಿದ ಹಂಸಿನಿ ಕೂಗಿ, ನರ್ಸನ್ನು ಕರೆದು, ಅಲ್ಲೇ ನೆಲಕ್ಕೆ ಮಂಡಿಯೂರಿ ಗ್ಲೂಕೋಸ್ ಏರಿಸಿದಳು. ಅಂದು ಸಂಜೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಶುಗರ್ ಮತ್ತೆ ಇಳಿಯಿತು. ಎರಡು ಸಲವೂ ಹಂಸಿನಿ ಪಕ್ಕದಲ್ಲೇ ಇದ್ದಳು.

ಶನಿವಾರ ಬಿಡುಗಡೆ. ಬೋರ್ಡಿನ ಕೆಳಗಿನ ಬಿಳಿ ಹಾಳೆ ಆಗಲೇ ಹೋಗಿತ್ತು, ಹಂಸಿನಿಯೂ. ಕೌಂಟರಿನವನು ಡಿಸ್ಚಾರ್ಜ್ ಕಾಗದ ಕೊಟ್ಟ. ಇಂದುಶೇಖರರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು. ಚಿಕಿತ್ಸೆ ನೀಡಿದವರು: ಡಾ. ಸಭರ್ವಾಲ್.

ಅವರು ಕಾಗದವನ್ನು ಹಿಂದಕ್ಕೆ ತಳ್ಳಿದರು. "ಭಯ್ಯಾ, ಇದು ವಾಪಸ್. ಕೆಲಸ ಮಾಡಿದವರ ಹೆಸರು ಹಾಕಿ ತನ್ನಿ."

"ಅಂಕಲ್, ಅವರು ಟೆಂಪರರಿ."

"ನಾನು ಕಾಯ್ತೀನಿ," ಎಂದು ಇಂದುಶೇಖರರು ಮೊನ್ನೆ ಕುಸಿದ ಅದೇ ಬೆಂಚಿನ ಮೇಲೆ ನೆಟ್ಟಗೆ ಕೂತರು. ಬೇರೆ ದಿನವಾಗಿದ್ದರೆ ತೋಳು ಜಗ್ಗಿ ಎಬ್ಬಿಸುತ್ತಿದ್ದ ಸುಮಿತ್ರಾ, ಒಂದೇ ಸ್ಟ್ರಿಪ್ ಉಳಿದಿದ್ದ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು.