ಹಂದಿಗೆ ಕಾಣದ ಜರ್ಕಿನ್

ರಾಗಿ ಕೊಯ್ಯುವ ಮಿಷನ್ನು ಬರಬೇಕಿದ್ದದ್ದು ಶುಕ್ರವಾರ. ಗುರುವಾರವೇ ಬಂದುಬಿಟ್ಟಿತು. ಪಕ್ಕದ ಸಂಜೀವಪ್ಪನ ಹೊಲ ಎಣಿಸಿದ್ದಕ್ಕಿಂತ ಬೇಗ ಮುಗಿದಿತ್ತು. ಈಗಲೇ ಕೊಯ್ಸುವುದಾದರೆ ಸರಿ, ಇಲ್ಲವಾದರೆ ಇನ್ನು ಹದಿನೈದು ದಿನ ಈ ಸಾಸಲು ಊರಿನ ಕಡೆಗೆ ತಲೆ ಹಾಕುವುದಿಲ್ಲ ಎಂದು ಧರ್ಮಪುರಿಯಿಂದ ಬಂದಿದ್ದ ಡ್ರೈವರ್ ಸೀಟಿನ ಮೇಲಿಂದಲೇ ಕೂಗಿ ಹೇಳಿದ. ದಾಬಸ್‌ಪೇಟೆಯ ಗೋಡೌನಿನಲ್ಲಿ ಕೆಲಸಕ್ಕಿದ್ದ ಮಂಜೇಶ ಮಧ್ಯಾಹ್ನದ ಪಾಳಿಗೆಂದು ಶೂ ಕಟ್ಟಿಕೊಂಡು ನಿಂತಿದ್ದವನು, ಹಾಗೇ ಬೈಕು ತಿರುಗಿಸಿಕೊಂಡು ಹೊಲದ ಬದುವಿಗೆ ಬಂದ. ಹಿಂದೆ ಕೂತು ಅವನ ತಾಯಿ ಕದಿರಮ್ಮನೂ ಬಂದಳು.

ಅವನ ತಂಗಿ ಶಾಮಲಾ ಆ ಹೊತ್ತಿಗಾಗಲೇ ಅಲ್ಲಿದ್ದಳು. ಅಪ್ಪನಿಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದು ಅಟ್ಟಣೆಯ ಕೆಳಗೆ ನಿಂತಿದ್ದಳು. ಅಟ್ಟಣೆಯ ಮೇಲೆ ಕಂಬಳಿ ಇತ್ತು, ಟಾರ್ಚು ಇತ್ತು, ಹಂದಿ ಬೆದರಿಸುವ ಪಟಾಕಿಯ ಡಬ್ಬ ಇತ್ತು. ಅಪ್ಪ ಇರಲಿಲ್ಲ.

ಅಪ್ಪ ಹನುಮಂತರಾಯಪ್ಪ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಇಪ್ಪತ್ತಾರು ವರ್ಷ ದುಡಿದು, ಎರಡು ಕಿವಿಯನ್ನೂ ಅರ್ಧರ್ಧ ಅಲ್ಲೇ ಬಿಟ್ಟು, ಮೂರು ವರ್ಷದ ಹಿಂದೆ ಊರಿಗೆ ಮರಳಿದವನು. ಈಗ ಅವನ ಲೋಕವೆಂದರೆ ಈ ಒಂದೂವರೆ ಎಕರೆ ರಾಗಿ ಮತ್ತು ಅದನ್ನು ತಿನ್ನಲು ಗುಡ್ಡದಿಂದ ಇಳಿಯುವ ಹಂದಿಗಳು. ತೆನೆ ಕಟ್ಟಿದ ದಿನದಿಂದ ಕಾವಲು ತಪ್ಪಿಸಿರಲಿಲ್ಲ.

ಮೂರು ವಾರದ ಹಿಂದೆ ಶಾಮಲಾ ಹೊಲಿಗೆಗೆ ಬೇಕಾದ ದಾರದ ಉಂಡೆ ತರಲು ದೊಡ್ಡಬಳ್ಳಾಪುರಕ್ಕೆ ಹೊರಟಾಗ ಅಪ್ಪ ಹೇಳಿದ್ದ: "ಚಳಿಗೆ ಒಂದು ಜರ್ಕಿನ್ ತತ್ತಾ ಮಗಾ. ಮಿಲ್ಟ್ರಿದು. ಆ ಎಲೆ ಎಲೆ ಡಿಸೈನ್ ಇರ್ತದಲ್ಲ, ಅದೇ." ಬಸ್‌ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯಲ್ಲಿ ಅದೂ ಇತ್ತು, ಅದರ ಪಕ್ಕ ನಿಂಬೆಹಣ್ಣಿನ ಬಣ್ಣದ್ದೂ ಒಂದಿತ್ತು. ಹಳದಿಯ ಒಳಗಡೆ ಉಣ್ಣೆ ದಪ್ಪವಾಗಿತ್ತು. ಅದರ ತೋಳು ಹಿಡಿದು ಬಹಳ ಹೊತ್ತು ನಿಂತಿದ್ದಳು. "ಏನಮ್ಮಾ, ತಗೊಳ್ತೀಯೋ ಬರೀ ಸವರ್ತೀಯೋ?" ಎಂದು ಗಾಡಿಯವನು ಗದರಿದ ಕೂಡಲೇ ಮಿಲ್ಟ್ರಿಯದನ್ನೇ ಕಟ್ಟಿಸಿಕೊಂಡು ಬಂದಳು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗಿನಿಂದ ಮನೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹೊಲಿಯುವ ಹುಡುಗಿ. ಅಂಗಡಿಯವರ ಜೊತೆ ಎರಡನೇ ಮಾತು ಆಡಿ ಅಭ್ಯಾಸವಿರಲಿಲ್ಲ.

ಜರ್ಕಿನ್ ಹಾಕಿಕೊಂಡು ಅಪ್ಪ ಜಗುಲಿಯ ಮೇಲೆ ಕೂತ ಸಂಜೆ ಸಂಜೀವಪ್ಪ ನಗುತ್ತಲೇ ಬಂದಿದ್ದ.

"ಏನ್ ಸುಬೇದಾರ್ರು, ಯಾವ ಬಾರ್ಡರ್ರು?"

"ನಗು ನಗು. ಹಂದಿಗೆ ನಾನು ಕಾಣಕಿಲ್ಲ ಇನ್ಮೇಲೆ."

"ಹಂದಿ ಕಣ್ಣಲ್ಲಿ ಎಲ್ಲಯ್ಯ ನೋಡ್ತದೆ? ಮೂಗಲ್ಲಿ ನೋಡ್ತದೆ. ನಿನ್ ಬೀಡಿ ವಾಸ್ನೆ ಚನ್ನರಾಯಪಟ್ಟಣದ ತನಕ ಹೋಗ್ತದೆ. ಅದಿರ್ಲಿ, ಕಾವಲುಗಾರನೇ ಬಚ್ಚಿಟ್ಕೊಂಡ್ರೆ ಹಂದಿ ಯಾರ್ನ ನೋಡಿ ಓಡ್ಬೇಕು?"

ಅಪ್ಪ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. "ಹತ್ರ ಬರ್ಲಿ ಅಂತ್ಲೇ. ಪಕ್ಕಕ್ಕೆ ಬಂದ್ಮೇಲೆ ಢಂ ಅಂತ ಪಟಾಕಿ ಹೊಡೆದ್ರೆ ಮರಿಮಕ್ಕಳಿಗೂ ಹೇಳ್ಬೇಕು, ಆ ಹೊಲಕ್ಕೆ ಹೋಗ್ಬೇಡಿ ಅಂತ."

"ಅದೆಲ್ಲ ಏನಿಲ್ಲ, ಬರೀ ಸ್ಟೈಲು," ಎಂದ ಮಂಜೇಶ. ಅವನ ಬ್ಯಾಗು, ಬೈಕಿನ ಸೀಟ್ ಕವರು, ನೀರಿನ ಬಾಟಲಿಯ ಚೀಲ ಎಲ್ಲವೂ ಅದೇ ಡಿಸೈನಿನವು. "ಕೊಳೆ ಕಾಣಲ್ಲ. ಒಗೆಯೋದು ಕಮ್ಮಿ."

"ಒಗೆಯೋದು ಕಮ್ಮಿ ಅಂದ್ರೆ ನಂಗೂ ಒಂದು ಸೀರೆ ಅದ್ರಲ್ಲೇ ತಂದ್ಕೊಡೋ," ಎಂದಿದ್ದಳು ಕದಿರಮ್ಮ.

ಎಲ್ಲರೂ ನಕ್ಕಿದ್ದರು. ಶಾಮಲಾಳೂ ಬಾಗಿಲ ಹಿಂದೆ ನಿಂತು ನಕ್ಕಿದ್ದಳು.

ಈಗ ಮಿಷನ್ನು ಹೊಲದ ಮೂಲೆಗೆ ಇಳಿಯಿತು. ಇಬ್ಬನಿ ಆರಿತ್ತು. ಹನ್ನೊಂದು ಗಂಟೆಯ ಬಿಸಿಲಿಗೆ ರಾಗಿ ಒಣಗಿ, ತೆನೆಯೂ ದಂಟೂ ಗರಿಯೂ ಸೇರಿ ಒಂದೇ ಕಂದು ಬಣ್ಣವಾಗಿತ್ತು.

"ಅಪ್ಪ ಎಲ್ಲಿ?" ಎಂದು ಕೇಳಿದಳು ಶಾಮಲಾ.

"ಟೀ ಅಂಗಡಿಗೆ ಹೋಗಿರ್ತಾರೆ ಬಿಡು," ಎಂದಳು ಕದಿರಮ್ಮ. "ಮಿಷನ್ ನಾಳೆ ಬರ್ತದೆ ಅಂದ್ಕೊಂಡವ್ರೆ."

"ಫೋನ್ ಮಾಡೋ ಅಣ್ಣಾ."

"ಅಪ್ಪನ್ ಫೋನ್ ಮನೇಲಿ ಚಾರ್ಜಿಗೈತೆ ಕಣೇ," ಎಂದು ಮಂಜೇಶ ವಾಚು ನೋಡಿಕೊಂಡ. ಆದರೂ ಟೀ ಅಂಗಡಿಯವನಿಗೊಂದು ಫೋನು ಹಚ್ಚಿದ. "ಬಂದಿದ್ರಂತೆ. ಅಲ್ಲೇ ಎಲ್ಲೋ ಇರ್ತಾರೆ."

"ಯಾವಾಗ ಬಂದಿದ್ರಂತೆ?"

ಅಷ್ಟು ಹೊತ್ತಿಗೆ ಮಂಜೇಶ ಡ್ರೈವರನಿಗೆ ಕೈ ಬೀಸಿಯಾಗಿತ್ತು. ಮಿಷನ್ನು ಗುಡುಗಿತು. ಎದುರಿನ ಅಗಲ ಬಾಯಲ್ಲಿ ರೆಕ್ಕೆ ತಿರುಗತೊಡಗಿತು. ಬದುವಿನುದ್ದಕ್ಕೂ ರಾಗಿ ತಲೆಬಾಗಿ ಒಳಗೆ ಹೋಯಿತು, ಹಿಂದಿನಿಂದ ಹುಲ್ಲು ಬಿತ್ತು.

ಹೊರ ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಿಕೊಂಡು ಕೊಯ್ಯುವುದು ಅದರ ರೀತಿ. ಮೊದಲ ಸುತ್ತು ಮುಗಿಯುವ ತನಕ ಶಾಮಲಾ ರೊಟ್ಟಿಯ ಡಬ್ಬ ಹಿಡಿದುಕೊಂಡೇ ಇದ್ದಳು. ಕೂರಲು ಆಗಲಿಲ್ಲ. ಅಟ್ಟಣೆ ಹತ್ತಿ ನೋಡಿದಳು. ರಾಗಿಯ ಮಧ್ಯೆ ಅಲ್ಲಲ್ಲಿ ಹಂದಿಗಳು ಉರುಳಾಡಿ ಮಲಗಿಸಿದ ಜಾಗಗಳಿದ್ದವು, ಐದೋ ಆರೋ. ಅವುಗಳಲ್ಲಿ ಒಂದು ಹೊಸದು. ನಿನ್ನೆ ರೊಟ್ಟಿ ತಂದಾಗ ಇರಲಿಲ್ಲ. ಮಲಗಿದ ದಂಟು, ಅದರ ನೆರಳು, ಒಣಗಿದ ಗರಿ, ನಡುವೆ ತುಸು ಹಸಿರು. ಕಣ್ಣು ಕಿರಿದು ಮಾಡಿ ನೋಡಿದಳು. ಎಲ್ಲವೂ ಜರ್ಕಿನ್ನಿನಂತೆಯೇ ಕಾಣಿಸಿತು. ಕಣ್ಣುಜ್ಜಿ ನೋಡಿದರೆ ಎಲ್ಲವೂ ರಾಗಿಯಂತೆ ಕಾಣಿಸಿತು.

ಇಳಿದು ಬದುವಿನ ಮೇಲೆ ನಡೆದಳು. ಮಿಷನ್ನು ಎರಡನೇ ಸುತ್ತಿಗೆ ಬಂದಿತು, ಮೂರನೆಯದಕ್ಕೆ ತಿರುಗಿತು. ಗುಡ್ಡದ ಕಡೆಯ ಬದುವಿಗೆ ಬಂದಾಗ ಲಂಟಾನದ ಬುಡದಲ್ಲಿ ಅಪ್ಪನ ಚಪ್ಪಲಿ ಕಂಡವು. ಒಂದರ ಪಕ್ಕ ಒಂದು, ಬಾಗಿಲ ಬಳಿ ಬಿಟ್ಟಂತೆ ಅಚ್ಚುಕಟ್ಟಾಗಿ, ಮೂತಿ ಹೊಲದ ಕಡೆಗೆ.

ತೆನೆ ಬಂದ ಹೊಲಕ್ಕೆ ಅಪ್ಪ ಚಪ್ಪಲಿ ಮೆಟ್ಟಿ ಇಳಿದವನಲ್ಲ. ತಿನ್ನುವ ಅನ್ನದ ಮೇಲೆ ಚಪ್ಪಲಿಯಲ್ಲಿ ನಡೆಯುತ್ತಾರೇನೇ ಎಂದು ಚಿಕ್ಕಂದಿನಲ್ಲಿ ಅವಳಿಗೂ ಬೈದಿದ್ದ. ಟೀ ಅಂಗಡಿಗೆ ಬರಿಗಾಲಲ್ಲಿ ಹೋಗಿರಲಾರ. ಟೀ ಕುಡಿದು ಬಂದು ಹಂದಿ ಮಾಡಿದ ಹೊಸ ಹಾಳು ನೋಡಲು ಒಳಗೆ ಇಳಿದಿದ್ದಾನೆ. ಬಿಸಿಲು ಬೆಚ್ಚಗಿದೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ.

ಚಪ್ಪಲಿ ಎತ್ತಿಕೊಂಡು ಓಡಿದಳು. "ಅಣ್ಣಾ, ಅಪ್ಪ ಒಳಗೈತೆ!"

"ಎಲ್ಲಿ ಒಳಗೆ?"

"ರಾಗಿ ಒಳಗೆ. ಚಪ್ಪಲಿ ನೋಡು. ಮಲಗಿಬಿಟ್ಟೈತೆ."

"ಲೇ, ಹುಚ್ಚೇನೇ ನಿಂಗೆ? ಇಷ್ಟು ಸದ್ದಿಗೆ ಸತ್ತೋರು ಎದ್ದು ಬರ್ತಾರೆ, ಮಲಗಿರೋರು ಏಳಲ್ವಾ?"

ಸಂಜೀವಪ್ಪನೂ ಬದುವಿನಾಚೆಯಿಂದ ನಕ್ಕ. "ನಿಮ್ಮಪ್ಪ ಇಷ್ಟೊತ್ತಿಗೆ ಇನ್ನೊಂದು ಟೀ ಹೇಳಿರ್ತಾನೆ ಬಿಡು ಮಗಾ."

ಮಿಷನ್ನು ನಾಲ್ಕನೇ ಸುತ್ತಿಗೆ ತಿರುಗಿತು. ನಡುವಿನ ರಾಗಿ ಈಗ ಸಣ್ಣ ದ್ವೀಪವಾಗುತ್ತಿತ್ತು. ಹಂದಿ ಮಲಗಿಸಿದ ಜಾಗ ಬಂದಾಗಲೆಲ್ಲ ಬಿದ್ದ ತೆನೆಯೂ ಸಿಗಲೆಂದು ಡ್ರೈವರ್ ಮಿಷನ್ನಿನ ಬಾಯಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸುತ್ತಿದ್ದ. ಅದನ್ನು ನೋಡಿದ ಮೇಲೆ ಶಾಮಲಾಳಿಗೆ ಕಾಲು ನಿಲ್ಲಲಿಲ್ಲ.

"ಅಪ್ಪಾ!" ಎಂದು ಕೂಗಿದಳು. ತನ್ನ ಕೂಗು ತನಗೇ ಕೇಳಿಸಲಿಲ್ಲ. ಕೂಗಿ ಪ್ರಯೋಜನವಿಲ್ಲವೆಂದು ಆಗ ಹೊಳೆಯಿತು. ಸದ್ದು ಅಪ್ಪನನ್ನು ಎಬ್ಬಿಸುವುದಿಲ್ಲ, ಮಲಗಿಸುತ್ತದೆ. ಮಗ್ಗದ ಮನೆಯ ಹಿಂದಿನ ಒಂದೇ ಕೋಣೆಯಲ್ಲಿ ಅವರೆಲ್ಲ ಇದ್ದ ಕಾಲದಲ್ಲಿ, ಪಾಳಿ ಮುಗಿಸಿದ ಅಪ್ಪ ಎಂಟು ಮಗ್ಗಗಳ ನಡುವೆ ಬಟ್ಟೆಯ ಗಂಟಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಯಾರು ಅಲುಗಾಡಿಸಿದರೂ ಏಳುತ್ತಿರಲಿಲ್ಲ. ಕರೆಂಟು ಹೋಗಿ ಎಂಟೂ ಮಗ್ಗ ಒಮ್ಮೆಗೇ ನಿಂತರೆ ಮಾತ್ರ ಬೆಚ್ಚಿ ಎದ್ದು ಕೂರುತ್ತಿದ್ದ.

ಚಪ್ಪಲಿಗಳನ್ನು ಕೈಬಿಟ್ಟು ಹೊಲದೊಳಕ್ಕೆ ಓಡಿದಳು. ಕೊಯ್ದ ಕೂಳೆ ಅಂಗಾಲಿಗೆ ಚುಚ್ಚಿತು. ಮಿಷನ್ನು ಎದುರಿಂದ ಬರುತ್ತಿತ್ತು, ರೆಕ್ಕೆಯ ಹಲ್ಲುಗಳು ಬಿಸಿಲಿಗೆ ಮಿಂಚುತ್ತಿದ್ದವು. ಅದರ ಮುಂದೆ ಹೋಗಿ ಎರಡೂ ಕೈ ಅಗಲಿಸಿ ನಿಂತಳು.

ಮಿಷನ್ನು ಹತ್ತು ಅಡಿ ದೂರದಲ್ಲಿ ಜಗ್ಗಿ ನಿಂತಿತು. ಎಂಜಿನ್ನು ಗುಡುಗುತ್ತಲೇ ಇತ್ತು.

"ಏಯ್! ಸಾಯೋಕೆ ನನ್ ವಂಡಿನೇ ಬೇಕಾ ಉನಕ್ಕು? ಪಕ್ಕ ಹೋಗಮ್ಮಾ!" ಡ್ರೈವರನ ಕನ್ನಡಕ್ಕೆ ಸಿಟ್ಟು ಬಂದಾಗ ತಮಿಳು ಸೇರಿಕೊಂಡಿತು.

"ಆಫ್ ಮಾಡಿ," ಎಂದಳು. ಅವನಿಗೆ ಕೇಳಿಸಲಿಲ್ಲ. ಕೈಯಲ್ಲಿ ಕೀಲಿ ತಿರುಗಿಸುವಂತೆ ಮಾಡಿ ತೋರಿಸಿದಳು.

"ಬ್ಯಾಟ್ರಿ ವೀಕು! ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ. ನೀನು ತಳ್ಳುತೀಯಾ?"

ಬದುವಿನಿಂದ ಮಂಜೇಶ ಕೂಗುತ್ತಿದ್ದ, ಮಾನ ಕಳೀಬೇಡ ಬಾರೇ ಎನ್ನುವಂಥದ್ದೇನೋ. ಸಂಜೀವಪ್ಪ ನೋಡುತ್ತಿದ್ದ. ಮಿಷನ್ನಿನ ಹಿಂದೆ ಹುಲ್ಲು ಕಟ್ಟುತ್ತಿದ್ದ ಹೆಂಗಸರೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಇಷ್ಟು ಕಣ್ಣುಗಳು ತನ್ನ ಮೇಲೆ ಬಿದ್ದರೆ ಬೇರೆ ದಿನ ಅವಳು ಮಣ್ಣಾಗಿ ಹೋಗುತ್ತಿದ್ದಳು. ಮಿಷನ್ನಿನ ಪಕ್ಕಕ್ಕೆ ಬಂದು ಕಬ್ಬಿಣದ ಏಣಿಯ ಎರಡು ಮೆಟ್ಟಿಲು ಹತ್ತಿ, ಡ್ರೈವರನ ಕಿವಿಯ ಹತ್ತಿರ ಬಾಯಿಟ್ಟಳು.

"ಅಣ್ಣಾ, ನಮ್ಮಪ್ಪ ಆ ರಾಗಿ ಒಳಗೆ ಮಲಗವ್ರೆ. ರಾಗಿ ಬಣ್ಣದ್ದೇ ಬಟ್ಟೆ ಹಾಕ್ಕೊಂಡವ್ರೆ. ನಾನೇ ತಂದ್ಕೊಟ್ಟಿದ್ದು. ನಿಂಗೆ ಕಾಣಲ್ಲ. ಆಫ್ ಮಾಡಣ್ಣಾ."

ಅವನು ಅವಳ ಮುಖ ನೋಡಿದ. ಕೀಲಿ ತಿರುಗಿಸಿದ.

ಗುಡುಗು ನಿಂತ ಮೇಲೆ ಹೊಲ ಒಮ್ಮೆಗೇ ದೊಡ್ಡದಾದಂತಾಯಿತು. ದೂರದ ರಸ್ತೆಯ ಲಾರಿಯ ಹಾರನ್ನು ಕೇಳಿಸಿತು. ಮಂಜೇಶನ ಮಾತು ಅರ್ಧಕ್ಕೆ ನಿಂತಿತು. ರಾಗಿ ಅಲುಗಾಡಲಿಲ್ಲ. ಶಾಮಲಾ ಏಣಿಯ ಮೇಲೆ ಒಂದು, ಎರಡು, ಮೂರು ಎಂದು ಉಸಿರು ಎಣಿಸಿದಳು. ಐದಕ್ಕೆ ಬಂದರೂ ಏನಿಲ್ಲ. ತಪ್ಪು ತಿಳಿದುಕೊಂಡೆನೇ? ಅಥವಾ ಹಿಂದಿನ ಸುತ್ತುಗಳಲ್ಲೇ...? ತಿರುಗಿ, ಹಿಂದೆ ಬಿದ್ದಿದ್ದ ಹುಲ್ಲಿನ ಸಾಲನ್ನು ನೋಡಲು ಧೈರ್ಯ ಸಾಲಲಿಲ್ಲ.

ಮಿಷನ್ನಿನ ಬಾಯಿಗೆ ನೇರ ಎದುರು, ಹದಿನೈದು ಅಡಿ ಆಚೆ, ಮಲಗಿದ ರಾಗಿಯ ಒಂದು ಭಾಗ ಎದ್ದು ಕೂತಿತು. ಅದಕ್ಕೆ ತಲೆ ಇತ್ತು. ತಲೆಯಲ್ಲಿ ರಾಗಿಯ ಹೊಟ್ಟಿತ್ತು.

"ಯಾಕ್ಲಾ, ಕರೆಂಟು ಹೋಯ್ತಾ?" ಎಂದಿತು.

ಯಾರೂ ನಗಲಿಲ್ಲ. ಮೊದಲು ಕೇಳಿದ್ದು ಕದಿರಮ್ಮನ ಅಳು. ಸಂಜೀವಪ್ಪ ಬದು ದಾಟಿ ಓಡಿ ಬಂದ. ಮಂಜೇಶ ಶೂ ಕಾಲಲ್ಲೇ ರಾಗಿಯೊಳಕ್ಕೆ ನುಗ್ಗಿ, ಅಪ್ಪನ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿ, ಕೈಕಾಲೆಲ್ಲ ಮುಟ್ಟಿ ನೋಡಿದ. "ಸಾಯ್ತಿದ್ದೆ ಕಣಪ್ಪೋ! ಸಾಯ್ತಿದ್ದೆ!"

ಹನುಮಂತರಾಯಪ್ಪ ಮಿಷನ್ನನ್ನು ನೋಡಿದ, ಸುತ್ತ ಬೋಳಾಗಿದ್ದ ಹೊಲವನ್ನು ನೋಡಿದ. "ನಾಳೆ ಅಲ್ವಾ ಬರೋದು?" ಎಂದ. ಆಮೇಲೆ ವಿಷಯ ನಿಧಾನಕ್ಕೆ ಅವನ ಮುಖದ ಮೇಲೆ ಇಳಿಯಿತು. ಆದರೆ ಭಯಕ್ಕಿಂತ ಮೊದಲು ಬಂದದ್ದು ಹೆಮ್ಮೆ.

"ನಿಮ್ಗ್ಯಾರ್ಗೂ ನಾನು ಕಾಣ್ಲಿಲ್ವಾ? ಅಷ್ಟು ಎತ್ತರದಿಂದ ಅವ್ನಿಗೂ ಕಾಣ್ಲಿಲ್ವಾ? ನೋಡ್ದಾ ಸಂಜೀವಪ್ಪ! ಬರೀ ಸ್ಟೈಲು ಅಂದ್ರಲ್ಲ, ಕೆಲ್ಸ ಮಾಡ್ತದೆ ಕಣಯ್ಯ ಇದು!"

ಸಂಜೀವಪ್ಪ ಅವನ ತಲೆಯ ಮೇಲಿನ ರಾಗಿ ಹೊಟ್ಟು ಕೊಡವಿದ.

ಶಾಮಲಾ ಏಣಿ ಇಳಿದು ಬಂದಳು. ಅಪ್ಪನ ಎದುರು ನಿಂತಳು. "ಬಿಚ್ಚು," ಎಂದಳು.

"ಏನ್ ಮಗಾ?"

"ಜರ್ಕಿನ್ ಬಿಚ್ಚಪ್ಪಾ."

"ಚಳಿ ಕಣೇ..."

ಅವಳೇ ಜಿಪ್ಪಿಗೆ ಕೈ ಹಾಕಿದಳು. ಜಿಪ್ಪು ಎರಡು ಸಲ ಸಿಕ್ಕಿಕೊಂಡಿತು. ಅಪ್ಪ ಮಗಳ ಮುಖ ನೋಡಿ ತೋಳು ಎಳೆಯಲು ಬಿಟ್ಟುಕೊಟ್ಟ. ಒಳಗೆ ಬರೀ ಬಿಳಿ ಬನಿಯನ್ನು.

ಡ್ರೈವರ್ ಕೆಳಗಿಳಿದು, ಕೂಳೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರು ಕೇಳಿದ. ಅರ್ಧ ಚೊಂಬು ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡ. ಆಮೇಲೆ ಹತ್ತಿ ಕೀಲಿ ತಿರುಗಿಸಿದರೆ ಮಿಷನ್ನು ಮೂರು ಸಲ ಕೆಮ್ಮಿ, ನಾಲ್ಕನೆಯದಕ್ಕೆ ಹಿಡಿಯಿತು. ಆದರೂ ಗೇರು ಹಾಕಲಿಲ್ಲ. ಮೇಲಿಂದಲೇ ಹನುಮಂತರಾಯಪ್ಪನಿಗೆ ಬೆರಳು ತೋರಿಸಿದ.

"ಪೆರಿಯವರೇ, ಆ ಬದು ಮೇಲೆ ನಿಲ್ಲಿ. ನಂಗೆ ಕಾಣೋ ಹಂಗೆ. ಮುಗಿಯೋ ತನಕ ಕೂರಬೇಡಿ."

ಅಪ್ಪ ಹೋಗಿ ನಿಂತ. ಬಿಸಿಲಿಗೆ ಬನಿಯನ್ನು ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಪ್ರತಿ ತಿರುವಿಗೂ ಡ್ರೈವರ್ ಮೊದಲು ಅಲ್ಲಿಗೆ ಕಣ್ಣು ಹಾಯಿಸಿ, ಆಮೇಲೆ ಮಿಷನ್ನಿನ ಬಾಯಿ ತಗ್ಗಿಸುತ್ತಿದ್ದ. ಶಾಮಲಾ ಜರ್ಕಿನ್ನನ್ನು ಮುದುರಿ ಎದೆಗವಚಿಕೊಂಡು, ಕೊನೆಯ ಸಾಲು ಮುಗಿಯುವ ತನಕ ಒಂದು ಸಲ ಮಿಷನ್ನನ್ನು, ಒಂದು ಸಲ ಅಪ್ಪನನ್ನು ನೋಡುತ್ತಲೇ ಇದ್ದಳು.