ಗೂಡ್ಸ್ ಗಾಡಿ ಹತ್ತದ ಹೆಂಗಸರು

ತರೀಕೆರೆ ಬಸ್ ನಿಲ್ದಾಣಕ್ಕೆ ಅಜ್ಜಂಪುರದ ಬಸ್ಸು ಬಂದು ನಿಂತಾಗ ಹಮೀದುನ್ನೀಸಾ ಮೊದಲು ಊರುಗೋಲನ್ನು ಮೆಟ್ಟಿಲ ಮೇಲೆ ಊರಿದಳು. ಆಮೇಲೆ ಗಟ್ಟಿಯಾಗಿದ್ದ ಕಾಲು, ಕೊನೆಗೆ ಸೊಟ್ಟಗಾದ ಕಾಲು. ಹಿಂದಿನಿಂದ ತೀರ್ಥಮ್ಮ ಅವಳ ಸೊಂಟಕ್ಕೆ ಕೈ ಕೊಟ್ಟಿದ್ದಳು.

"ನಿಧಾನ ಅಜ್ಜಿ, ನಿಧಾನ" ಅಂದ ಕಂಡಕ್ಟರ್.

"ನಿಧಾನ ಬಿಟ್ಟು ಇನ್ನೇನು ಬರುತ್ತೆ ಕಣಪ್ಪ ನಂಗೆ" ಅಂದಳು ಹಮೀದುನ್ನೀಸಾ. ಅವಳ ದನಿಯಲ್ಲಿ ಮದುವೆಗೆ ಹೊರಟವಳ ಖುಷಿಯಿತ್ತು.

ಹಿಂದಿನ ದಿನವಷ್ಟೇ ತೀರ್ಥಮ್ಮ ಹಿರೇನಲ್ಲೂರಿನಿಂದ ತರೀಕೆರೆಗೆ ಗೆಳತಿಯನ್ನು ನೋಡಲು ಬಂದಿದ್ದಳು. ಮಗಳು ಅಂಬರೀನಳ ಮನೆಯಲ್ಲಿ ಹಮೀದುನ್ನೀಸಾಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಬೆಳಗ್ಗೆ ಚಹಾ ಕುಡಿಯುತ್ತಾ ಇದ್ದಕ್ಕಿದ್ದಂತೆ, "ತೀರ್ಥಕ್ಕ, ಈಗ ಅಜ್ಜಂಪುರದ ಕಡೆ ಗಡ್ಡೆ ಕೀಳ್ತಿರ್ತಾರೆ ಅಲ್ವಾ? ಒಂದ್ಸಲ ಹೋಗಿ ನೋಡ್ಕೊಂಡ್ ಬರಾಣ ಬಾ" ಅಂದುಬಿಟ್ಟಿದ್ದಳು. ಅಂಬರೀನ್ ಲೋಟ ಕೆಳಗಿಟ್ಟು, "ಅಮ್ಮೀ, ಈರುಳ್ಳಿ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ಅಡಿಗೆಮನೇಲಿ ಬುಟ್ಟಿ ತುಂಬಾ ಐತೆ. ಖಾಲಾ, ನೀವಾದ್ರೂ ಹೇಳ್ರಿ" ಅಂದಳು. ತೀರ್ಥಮ್ಮ ಹೇಳಲಿಲ್ಲ. ಅವಳಿಗೂ ಹೋಗಬೇಕೆನಿಸಿತ್ತು.

ಇಬ್ಬರೂ ಆಧಾರ್ ಕಾರ್ಡ್ ತೋರಿಸಿದರು. ಕಂಡಕ್ಟರ್ ಹೆಂಗಸರ ಬಿಟ್ಟಿ ಟಿಕೆಟ್ ಕೊಟ್ಟು ಮುಂದೆ ಹೋದ. ಕಿಟಕಿ ಪಕ್ಕ ಹಮೀದುನ್ನೀಸಾ ಕೂತಳು. ತರೀಕೆರೆ ದಾಟಿ, ಹಸಿರು ತೆಳುವಾಗುತ್ತಾ ಬಯಲು ಹರಡಿಕೊಳ್ಳುತ್ತಿದ್ದಂತೆ ಅವಳ ಮೂಗು ಅರಳಿತು. ಎಲ್ಲೋ ಹೊಲದಲ್ಲಿ ಕಿತ್ತು ಹಾಕಿದ್ದ ಈರುಳ್ಳಿಯ ಘಾಟು ಕಿಟಕಿಯಿಂದ ಒಳಗೆ ಬಂದಿತ್ತು.

"ಬಂತು ನೋಡು" ಅಂದಳು.

ಆ ವಾಸನೆಯೊಂದೇ ಸಾಕಾಯಿತು ತೀರ್ಥಮ್ಮನಿಗೆ, ಹಳೆಯ ದಿನಗಳೆಲ್ಲ ಒಟ್ಟಿಗೆ ನುಗ್ಗಿ ಬರಲು.

ಆಗ ಸೂರ್ಯ ಹುಟ್ಟುವ ಮುಂಚೆಯೇ ಹಿರೇನಲ್ಲೂರಿನ ಕೂಡುರಸ್ತೆಗೆ, ಅಜ್ಜಂಪುರದ ಕಡೆ ಗಡ್ಡೆ ಕೀಳಲು ಕರೆದೊಯ್ಯುವ ಗೂಡ್ಸ್ ಗಾಡಿ ಬಂದು ನಿಲ್ಲುತ್ತಿತ್ತು. ಸೀಟಿಲ್ಲ, ಹಿಡಿಯಲು ಕಂಬಿಯಿಲ್ಲ. ಬುತ್ತಿಯ ಗಂಟು, ಕುಡುಗೋಲು ಹಿಡಿದುಕೊಂಡು ಹೆಂಗಸರು ಹಿಂದಿನ ಬಾಗಿಲಿಂದ ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತುತ್ತಿದ್ದರು. ಮೇಸ್ತ್ರಿ ಬೆನಕಪ್ಪ, "ಇನ್ನೊಂಚೂರು ಒಳಗ್ ಸರೀರವ್ವ, ಇನ್ನೂ ಜನ ಅವ್ರೆ" ಅಂತ ಕೂಗುತ್ತಿದ್ದ. ತಿರುವು ಬಂದಾಗ ಎಲ್ಲರೂ ಒಂದೇ ಕಡೆ ವಾಲಿ, ಒಬ್ಬರ ಮೈಮೇಲೊಬ್ಬರು ಬಿದ್ದು ನಗುತ್ತಿದ್ದರು. ಮುಂದೆ ನಿಂತ ತಿಪ್ಪಮ್ಮ ಪದ ಎತ್ತಿದರೆ ಹಿಂದಿನವರು ಸೊಲ್ಲು ಕೂಡಿಸುತ್ತಿದ್ದರು. ಚಳಿಗೆ ಒಬ್ಬಳ ಸೆರಗು ಇನ್ನೊಬ್ಬಳ ಹೆಗಲಿಗೆ ಬರುತ್ತಿತ್ತು. ಅದು ಸಾಮಾನು ಹೊರುವ ಗಾಡಿ, ಅದರಲ್ಲಿ ಮನುಷ್ಯರನ್ನು ತುಂಬಬಾರದು ಅಂತ ಯಾರಿಗೂ ಅನಿಸಿರಲಿಲ್ಲ. ಅನಿಸಿದ್ದರೂ ಕೂಲಿಗೆ ಹೋಗಲು ಬೇರೆ ದಾರಿಯಿರಲಿಲ್ಲ.

ಹಮೀದುನ್ನೀಸಾ ಆ ಗುಂಪಿಗೆ ತಡವಾಗಿ ಸೇರಿದವಳು. ಅವಳ ಗಂಡ ಹಿದಾಯತುಲ್ಲಾ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆಮನೆಗೂ ಸ್ಟೀಲ್ ಪಾತ್ರೆ ಬಂದ ಮೇಲೆ ಅವನ ತಿದಿಗೆ ಕೆಲಸವಿಲ್ಲದಂತಾಯಿತು. ಕೊನೆಗೆ ಹಮೀದುನ್ನೀಸಾ ಕುಡುಗೋಲು ಹಿಡಿದಳು. ಮೊದಲ ದಿನ ಕಣ್ಣುರಿ ತಾಳಲಾರದೆ ಸೆರಗಿನಿಂದ ಒರೆಸಿಕೊಂಡು, ಉರಿ ಇನ್ನೂ ಹೆಚ್ಚಾಗಿ, ಸಾಲಿನ ನಡುವೆ ಕೂತು ಅತ್ತಳು. ಪಕ್ಕದ ಸಾಲಿನಲ್ಲಿದ್ದ ತೀರ್ಥಮ್ಮ, "ಕಣ್ಣಿಗೆ ಕೈ ಹಚ್ಬೇಡ ಕಣೇ. ಗಾಳಿಗೆ ಮುಖ ಕೊಟ್ಟು ಕೂತ್ಕೊ, ಬಾ ಈ ಕಡೆ" ಅಂದಿದ್ದಳು. ಅಂದಿನಿಂದ ಅವರಿಬ್ಬರದು ಅಕ್ಕಪಕ್ಕದ ಸಾಲು.

ಊಟದ ಹೊತ್ತಿಗೆ ತೀರ್ಥಮ್ಮನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯಲ್ಲಿ ಅರ್ಧ ಹಮೀದುನ್ನೀಸಾಗೆ ಹೋಗುತ್ತಿತ್ತು. ಡಬ್ಬಿಯಲ್ಲಿ ಮಾಂಸದ ಸಾರಿದ್ದ ದಿನ ಹಮೀದುನ್ನೀಸಾ ತಾನೇ ಎದ್ದು ದೂರದ ಬದುವಿನ ಮೇಲೆ ಕೂರುತ್ತಿದ್ದಳು. ಲಿಂಗ ಕಟ್ಟಿದ ತೀರ್ಥಮ್ಮ ತನ್ನ ರೊಟ್ಟಿ ಎತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದಳು. "ನಿನ್ ಡಬ್ಬಿ ನಿಂಗೆ, ನನ್ ರೊಟ್ಟಿ ನಂಗೆ. ಮಾತಿಗೇನಂತೆ?" ಅನ್ನುತ್ತಿದ್ದಳು.

"ಏನೇ ಯೋಚ್ನೆ?" ಅಂತ ಹಮೀದುನ್ನೀಸಾ ಮೊಣಕೈಯಿಂದ ತಿವಿದಳು.

"ಏನಿಲ್ಲ. ಹಳೇದೆಲ್ಲ."

"ಆ ತಿರುವು ಬಂದಾಗ ಹೇಳು. ನಾನು ಕಣ್ಮುಚ್ಕೊತೀನಿ."

"ಅದು ಈ ರಸ್ತೇಲಿಲ್ಲ ಕಣೇ. ನಮ್ಮೂರ್ ಕಡೆ ರಸ್ತೇಲಿರೋದು."

"ಅಲ್ಲಾ, ಮರ್ತೇಬಿಟ್ಟೆ ನೋಡು" ಅಂತ ಹಮೀದುನ್ನೀಸಾ ನಕ್ಕಳು. ತೀರ್ಥಮ್ಮ ನಗಲಿಲ್ಲ. ಅವಳು ಆ ತಿರುವನ್ನು ಮರೆತಿರಲಿಲ್ಲ.

ಅಂದು ಸಂಜೆ ಮಳೆ ಬರುವ ಹಾಗಿತ್ತು. ವ್ಯಾಪಾರಿ ಓಂಕಾರೇಶ್ ಅವರ ಗೋದಾಮಿಗೆ ಹೋಗಬೇಕಿದ್ದ ಚೀಲಗಳನ್ನೂ ಅದೇ ಗಾಡಿಗೆ ಹೇರಿ, ಚೀಲಗಳ ಮೇಲೆ ಹೆಂಗಸರನ್ನು ಹತ್ತಿಸಿದ್ದರು. ಕೆರೆ ಏರಿಯ ತಿರುವಿನಲ್ಲಿ ಗಾಡಿ ವಾಲಿತು. ಯಾವಾಗಲಿನಂತೆ ಯಾರೋ ನಗಲು ಶುರುಮಾಡಿದರು. ಆದರೆ ಗಾಡಿ ಮತ್ತೆ ನೆಟ್ಟಗಾಗಲಿಲ್ಲ. ತೀರ್ಥಮ್ಮ ಕಣ್ಣು ಬಿಟ್ಟಾಗ ಬಾಯ್ತುಂಬ ಮಣ್ಣಿತ್ತು. ಸುತ್ತಲೂ ಈರುಳ್ಳಿ ಉರುಳಾಡುತ್ತಿತ್ತು. ಚೀಲಗಳ ರಾಶಿಯ ಅಡಿಯಿಂದ ಹಮೀದುನ್ನೀಸಾ, "ತೀರ್ಥಕ್ಕಾ, ತೀರ್ಥಕ್ಕಾ" ಅಂತ ಕೂಗುತ್ತಿದ್ದಳು. ಮೈಕೈ ತರಚಿದ್ದ ಹೆಂಗಸರೇ ಸೇರಿ ಚೀಲಗಳನ್ನು ಒಂದೊಂದಾಗಿ ಎಳೆದುಹಾಕಿದರು. ಕಾಲು ಕಂಡಾಗ ತಿಪ್ಪಮ್ಮ ಮುಖ ತಿರುಗಿಸಿಕೊಂಡಳು.

ಮಾರನೆಯ ದಿನ ಶಿವಮೊಗ್ಗದ ಆಸ್ಪತ್ರೆಯ ಜಗಲಿಯಲ್ಲಿ ಹೆಂಗಸರೆಲ್ಲ ಕೂತಿದ್ದರು. ಬೆನಕಪ್ಪ ಬಂದ. ಅವನ ತಲೆಗೂ ಬ್ಯಾಂಡೇಜಿತ್ತು. ಹತ್ತಿರ ಕೂತು ದನಿ ತಗ್ಗಿಸಿ ಹೇಳಿದ:

"ನೋಡ್ರವ್ವ, ಪೊಲೀಸ್ನೋರು ಬತ್ತಾರೆ, ಕೇಳ್ತಾರೆ. ಹಮೀದಮ್ಮ ಗಾಡೀಲಿ ಇರ್ಲಿಲ್ಲ, ರಸ್ತೆ ಬದೀಲಿ ನಡ್ಕೊಂಡ್ ಬತ್ತಿದ್ಲು, ಆಗ ಗಾಡಿ ಬಿತ್ತು ಅನ್ನಿ. ಗೂಡ್ಸ್ ಗಾಡೀಲಿ ಜನ ಕೂರ್ಸಿದ್ದು ಅಂತಾದ್ರೆ ಸಾವ್ಕಾರ್ರಿಗೆ ತೊಂದ್ರೆ. ಆಸ್ಪತ್ರೆದೆಲ್ಲ ಅವ್ರೇ ನೋಡ್ಕೊತಾರಂತೆ."

ತೀರ್ಥಮ್ಮ ಕೇಳಿದಳು: "ನಾವೆಲ್ಲ ಎಲ್ಲಿದ್ವಿ ಮೇಸ್ತ್ರಿ?"

"ನೀವೂ... ನೀವೂ ನಡ್ಕೊಂಡ್ ಬತ್ತಿದ್ರಿ."

"ಇಷ್ಟು ಜನಾನೂ? ಅಜ್ಜಂಪುರದಿಂದ ಹಿರೇನಲ್ಲೂರಿಗೆ? ಗಾಡಿ ಜೊತೆಗೇ?"

ಅಷ್ಟು ನೋವಿನ ನಡುವೆಯೂ ತಿಪ್ಪಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದಕ್ಕೆ ಮಿಕ್ಕವರೂ ನಕ್ಕರು. ನಗುನಗುತ್ತಲೇ ಅಳತೊಡಗಿದರು. ಬೆನಕಪ್ಪ ತಲೆ ತಗ್ಗಿಸಿದ. ಅವನೇನೂ ಕೆಟ್ಟವನಲ್ಲ. ಅವನೂ ಅದೇ ಗಾಡಿಯಲ್ಲಿದ್ದವನು.

ಆದರೂ ತೀರ್ಥಮ್ಮ ಹಮೀದುನ್ನೀಸಾಳ ಮಂಚದ ಹತ್ತಿರ ಹೋದಳು. ಕಾಲು ಅವಳದು, ಖರ್ಚೂ ಅವಳದು. ತಾನು ನಿಜ ಹೇಳಿ ಅವಳ ಚಿಕಿತ್ಸೆ ನಿಂತುಹೋದರೆ? ಬೆನಕಪ್ಪ ಹೇಳಿದ್ದನ್ನು ಹಾಗೇ ಹೇಳಿ, "ನೀನ್ ಹೆಂಗಂತೀಯೋ ಹಂಗೆ ಕಣೇ. ನಿನ್ ಮಾತ್ಗೆ ನಾವ್ಯಾರೂ ಎದ್ರಾಡಲ್ಲ" ಅಂದಳು.

"ನಾನು ರಸ್ತೇಲಿ ನಡ್ಕೊಂಡ್ ಬತ್ತಿದ್ದೆ ಅಂದ್ರೆ, ಇಷ್ಟು ವರ್ಷ ಆ ಗಾಡೀಲಿ ನಿಂತಿದ್ದೋಳು ಯಾರು ತೀರ್ಥಕ್ಕ?" ಅಂದಳು ಹಮೀದುನ್ನೀಸಾ. "ಇದ್ದಿದ್ದು ಇದ್ದಂಗೆ ಹೇಳ್ರಿ."

ಹೇಳಿದರು. ಒಬ್ಬಳಾದ ಮೇಲೆ ಒಬ್ಬಳು, ಎಲ್ಲರೂ ಅದನ್ನೇ ಹೇಳಿದರು.

ಆಮೇಲೆ ಕೂಡುರಸ್ತೆಗೆ ಗಾಡಿ ಬರಲಿಲ್ಲ. ಓಂಕಾರೇಶ್ ಬೇರೆ ಊರಿಂದ ಆಳು ಕರೆಸಿಕೊಂಡರು. ಗಡ್ಡೆ ಕೀಳುವ ಕಾಲ ಪೂರ್ತಿ ಹಿರೇನಲ್ಲೂರಿನ ಆ ಹೆಂಗಸರು ಮನೆಯಲ್ಲೇ ಉಳಿದರು. ತಿಪ್ಪಮ್ಮ ಅಡಿಕೆ ಸುಲಿಯಲು ತರೀಕೆರೆ ಕಡೆ ಹೋದಳು. ತೀರ್ಥಮ್ಮ ಪಂಚಾಯಿತಿಯ ಕೆರೆ ಹೂಳೆತ್ತುವ ಕೆಲಸಕ್ಕೆ ಮಂಕರಿ ಹೊತ್ತಳು. ಒಂದು ಹೊತ್ತಿನ ಅಡಿಗೆಯನ್ನು ಎರಡು ಹೊತ್ತಿಗೆ ಎಳೆದ ದಿನಗಳಿದ್ದವು. 'ನಿನ್ ಮಾತ್ ಕೇಳಿ ಕೆಟ್ವಿ' ಅಂತ ಒಬ್ಬಿಬ್ಬರು ಅವಳ ಮುಖದ ಮೇಲೇ ಅಂದರು. ಅವರ ಹೊಟ್ಟೆಯ ಸಂಕಟ ಅವಳಿಗೂ ಗೊತ್ತಿತ್ತು.

ಮುಂದಿನ ವರ್ಷ ಗಡ್ಡೆ ಕಿತ್ತು ಒಣಹಾಕಿದ್ದಾಗಲೇ ಮೋಡ ಕವಿಯಿತು. ಎಲ್ಲ ಕಡೆಯೂ ಒಟ್ಟಿಗೆ ಕೆಲಸ ಬಿದ್ದು ಆಳು ಸಿಗದಂತಾಯಿತು. ಬೆನಕಪ್ಪ ಹಿರೇನಲ್ಲೂರಿಗೆ ಓಡಿಬಂದ.

"ಸೀಟಿರೋ ಗಾಡಿ ತಂದ್ರೆ ಬತ್ತೀವಿ" ಅಂದಳು ತೀರ್ಥಮ್ಮ.

ಮರುದಿನ ಓಂಕಾರೇಶ್ ತಾವೇ ಕಾರಿನಲ್ಲಿ ಬಂದರು. ಕೂಲಿ ಹೆಚ್ಚು ಮಾಡುತ್ತೇನೆ, ಇದೊಂದು ಸಲ ಹೇಗೋ ಬನ್ನಿ ಅಂದರು. "ಏನಮ್ಮಾ, ನಿಮ್ಗೇನು ಬಸ್ಸೇ ಬೇಕಾ?" ಅಂದರು.

"ಗಡ್ಡೆ ನೆನೀಬಾರ್ದು ಅಂತ ಟಾರ್ಪಾಲ್ ಹೊದಿಸ್ತೀರಿ ಸಾವ್ಕಾರ್ರೇ" ಅಂದಳು ತೀರ್ಥಮ್ಮ. "ಅಷ್ಟು ಕಾಳಜಿ ನಮ್ ಮೇಲೂ ಇರ್ಲಿ. ಬೇರೇನೂ ಕೇಳ್ತಿಲ್ಲ."

ಅವರು ಸಿಡುಕಿಕೊಂಡು ಹೋದರು. ಅವರ ಗಡ್ಡೆ ಒಂದಷ್ಟು ಮಳೆಗೆ ಸಿಕ್ಕಿತು. ಅದಾದ ಮೇಲೆಯೇ ಕೂಡುರಸ್ತೆಗೆ ಒಂದು ಹಳೆಯ ಮಿನಿ ಬಸ್ಸು ಬಂದದ್ದು. ಸೀಟು ಹರಿದಿದ್ದವು, ಕಿಟಕಿಗೆ ಗಾಜಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಹತ್ತಿ, ಯಾರದೋ ಮನೆಯ ಪಡಸಾಲೆಗೆ ಬಂದವರ ಹಾಗೆ ಅಂಚಿನಲ್ಲಿ ಕೂತರು. ದಾರಿಯಲ್ಲಿ ತಿಪ್ಪಮ್ಮ ಪದ ಎತ್ತಿದಳು. ಎಲ್ಲರೂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು, ಹಿಂದಿನ ಸೀಟಿನವರಿಗೆ ಅವಳ ದನಿ ಕೇಳಿಸಲೇ ಇಲ್ಲ. ಅರ್ಧಕ್ಕೇ ನಿಲ್ಲಿಸಿದಳು. ತೀರ್ಥಮ್ಮನ ಪಕ್ಕದ ಸೀಟು ಖಾಲಿಯಿತ್ತು. ಗೆದ್ದ ದಿನ ಅಷ್ಟು ಬಿಕೋ ಎನಿಸುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಕೇಸು ಬಹಳ ಕಾಲ ನಡೆದು ಹಮೀದುನ್ನೀಸಾಗೆ ಒಂದಷ್ಟು ಪರಿಹಾರವೂ ಬಂತು. ಅಷ್ಟರಲ್ಲಿ ಹಿದಾಯತುಲ್ಲಾ ತೀರಿಕೊಂಡಿದ್ದ. ಅವಳು ಮಗಳ ಮನೆ ಸೇರಿದ್ದಳು.

ಅಜ್ಜಂಪುರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ಹಮೀದುನ್ನೀಸಾ, "ಇಳಿಸ್ರೀ, ಇಲ್ಲೇ ಇಳಿಸ್ರೀ" ಅಂತ ಎದ್ದುಬಿಟ್ಟಳು. ರಸ್ತೆ ಪಕ್ಕದ ಹೊಲದಲ್ಲಿ ಕಿತ್ತ ಗಡ್ಡೆ ಸಾಲುಸಾಲಾಗಿ ಒಣಗುತ್ತಿತ್ತು. ಹೆಂಗಸರು ಕೂತು ಗರಿ ಕೊಯ್ಯುತ್ತಿದ್ದರು. ಬಳ್ಳಾರಿ ಕಡೆಯಿಂದ ಬಂದವರು. ಗುಂಪಿನಲ್ಲಿದ್ದ ಸಂಗೀತಾ ಎಂಬ ಎಳೆಯ ಹೆಂಗಸು ಇಬ್ಬರು ಮುದುಕಿಯರು ಬದು ಹತ್ತಿ ಬರುವುದನ್ನು ನೋಡಿ ಎದ್ದು ನಿಂತಳು.

"ಯಾರ್ ಬೇಕ್ರೀ ಯವ್ವಾ?"

"ಯಾರೂ ಬೇಡ ಕಣವ್ವ. ಸುಮ್ನೆ ನೋಡಕ್ಕೆ ಬಂದ್ವಿ. ನಾವೂ ಇದೇ ಕೆಲ್ಸ ಮಾಡಿದೋರು" ಅಂದಳು ತೀರ್ಥಮ್ಮ.

ಸಂಗೀತಾ ಚೀಲ ಹಾಸಿ ಕೂರಿಸಿದಳು. ಹಮೀದುನ್ನೀಸಾ ಸೊಟ್ಟ ಕಾಲು ಚಾಚಿ ಕೂತು, ಕೇಳದೆಯೇ ಒಂದು ಕುಡುಗೋಲು ಎತ್ತಿಕೊಂಡು ಗರಿ ಕೊಯ್ಯತೊಡಗಿದಳು. ಗಡ್ಡೆಗಳು ಒಂದು ಕಡೆ, ಗರಿ ಇನ್ನೊಂದು ಕಡೆ ಬೀಳತೊಡಗಿದವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಈರುಳ್ಳಿಗೋ ಬೇರೆ ಯಾತಕ್ಕೋ ತೀರ್ಥಮ್ಮ ಕೇಳಲಿಲ್ಲ. ತಾನೂ ಒಂದು ಕುಡುಗೋಲು ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಮಧ್ಯಾಹ್ನ ಅವರು ಕೊಟ್ಟ ಜೋಳದ ರೊಟ್ಟಿ ತಿಂದರು. ಬಿಸಿಲು ಇಳಿಯುವವರೆಗೂ ಮಾತು ನಡೆದೇ ಇತ್ತು.

ಆಮೇಲೆ ರಸ್ತೆಯಲ್ಲಿ ಹಾರ್ನ್ ಕೇಳಿತು. ಒಂದು ಗೂಡ್ಸ್ ಗಾಡಿ. ಅರ್ಧದಷ್ಟು ಚೀಲ ತುಂಬಿತ್ತು. ಡ್ರೈವರ್, "ಬರ್ರಿ ಬರ್ರಿ, ಹತ್ರಿ ಲಗೂನ" ಅಂತ ಕೂಗಿದ. ಹೆಂಗಸರು ಗಂಟು ಕಟ್ಟಿಕೊಂಡು ಎದ್ದರು.

ಹಮೀದುನ್ನೀಸಾಳ ಕೈ ನಿಂತುಹೋಯಿತು. "ಸಂಗೀತಾ, ಬಾವ್ವ ಇಲ್ಲಿ" ಅಂದಳು. ಸೀರೆಯನ್ನು ಮೊಣಕಾಲವರೆಗೆ ಸರಿಸಿ ತೋರಿಸಿದಳು. "ಇದು ಹಂಗೇ ಆಗಿದ್ದು. ಚೀಲದ್ ಮೇಲೆ ಕೂತು."

ಸಂಗೀತಾ ಕಾಲನ್ನೇ ನೋಡುತ್ತಾ ನಿಂತಳು. ತೀರ್ಥಮ್ಮ ನಡೆದದ್ದನ್ನೆಲ್ಲ ಚುಟುಕಾಗಿ ಹೇಳಿದಳು.

"ನೀವು ಖರೇ ಹೇಳಿದ್ ಮ್ಯಾಲೆ ಎಷ್ಟು ದಿನಾ ಕೂಲಿ ಇರ್ಲಿಲ್ರೀ?" ಅಂತ ಸಂಗೀತಾ ಕೇಳಿದಳು.

"ಒಂದು ಬೆಳೆ ಪೂರ್ತಿ."

"ಹೊಟ್ಟಿಗೆ ಏನ್ ಮಾಡಿದ್ರಿ?"

"ಕಷ್ಟ ಆಯ್ತು ಕಣವ್ವ. ಸುಳ್ಳು ಯಾಕೆ ಹೇಳ್ಲಿ. ಊರಲ್ಲಿ ನಮ್ಗೆ ಮನೆ ಅಂತ ಇತ್ತು, ನಿಮ್ಗೆ ಇಲ್ಲಿ ಅದೂ ಇಲ್ಲ. ಆದ್ರೆ ಎಲ್ರೂ ಒಟ್ಟಿಗೆ ಅಂದಿದ್ಕೆ ಆಯ್ತು. ಒಬ್ಳೇ ಅಂದಿದ್ರೆ ಆಗ್ತಿರ್ಲಿಲ್ಲ."

ಹಾರ್ನ್ ಮತ್ತೆ ಕೇಳಿತು. ಸಂಗೀತಾ ಮಿಕ್ಕ ಹೆಂಗಸರ ಕಡೆ ನೋಡಿದಳು. ಅವರಲ್ಲಿ ಇಬ್ಬರು ಆಗಲೇ ಹತ್ತಿ ನಿಂತಿದ್ದರು. ಉಳಿದವರು ಕೇಳಿಸಿಕೊಳ್ಳುತ್ತಾ ಅಲ್ಲೇ ನಿಂತಿದ್ದರು. ಅವಳು ನಾಲ್ಕು ಹೆಜ್ಜೆ ಹೋಗಿ ಡ್ರೈವರನಿಗೆ, "ಮೊದ್ಲು ಚೀಲ ಒಯ್ದು ಇಳಿಸಿ ಬಾರಣ್ಣ. ಆಮ್ಯಾಲೆ ನಾವು ಬರ್ತೀವಿ" ಅಂದಳು. ಅವನು ಗೊಣಗಿದ. ಹೊತ್ತಾಯಿತು ಅಂದ. ಯಾರೂ ಅಲುಗಾಡದ್ದನ್ನು ನೋಡಿ, ಹತ್ತಿದ್ದವರನ್ನೂ ಇಳಿಸಿ, ಚೀಲ ಹೊತ್ತುಕೊಂಡು ಹೋದ. ತಿರುಗಿ ಬರುವುದು ಖಾಲಿ ಗಾಡಿಯಾದರೂ ಅದು ಗೂಡ್ಸ್ ಗಾಡಿಯೇ. ಇವತ್ತಿಗೆ ಅಷ್ಟು.

ಸಂಗೀತಾ ಮೊಬೈಲ್ ತೆಗೆದುಕೊಂಡು ಬಂದಳು. "ನಿಮ್ ನಂಬರ್ ಕೊಡ್ರಿ ಯವ್ವಾ. ಏನಾರ ಕೇಳೋದಿದ್ರ ಫೋನ್ ಮಾಡ್ತೀನಿ."

ತೀರ್ಥಮ್ಮ ಪೆಚ್ಚಾದಳು. ಫೋನನ್ನು ಅಂಬರೀನಳ ಮನೆಯಲ್ಲೇ ಬಿಟ್ಟು ಬಂದಿದ್ದಳು, ತನ್ನ ನಂಬರು ತನಗೇ ಬಾಯಿಗೆ ಬರುತ್ತಿರಲಿಲ್ಲ.

"ನಾನ್ ಹೇಳ್ತೀನಿ ಬರ್ಕೊ" ಅಂದಳು ಹಮೀದುನ್ನೀಸಾ. ಗರಿಯ ರಾಶಿಯ ನಡುವೆ ಕೂತು, ಕಣ್ಣು ಒರೆಸಿಕೊಳ್ಳದೆ ಗಾಳಿಗೆ ಮುಖ ಕೊಟ್ಟು, ಗೆಳತಿಯ ನಂಬರನ್ನು ಒಂದೊಂದೇ ಅಂಕಿಯಾಗಿ, ಎಲ್ಲೂ ತಡವರಿಸದೆ ಹೇಳತೊಡಗಿದಳು.