ಜೇನು ಬಣ್ಣದ ಎಲೆಗಳು

ಹೆರಿಗೆ ಆಸ್ಪತ್ರೆಯ ಮೊಗಸಾಲೆಗೆ ಆ ಗಾಜಿನ ಎಲೆಗಳ ಗೊಂಚಲನ್ನು ಮಾಡಿಕೊಟ್ಟವರು ಗಂಡ ಹೆಂಡತಿ ಇಬ್ಬರೇ. ಅವಳು ಬಣ್ಣ ಆರಿಸಿ ಗಾಜು ಕತ್ತರಿಸುತ್ತಿದ್ದಳು, ಅವನು ಕುಲುಮೆ ನೋಡಿಕೊಂಡು ಕಂಬಿ ಬೆಸೆಯುತ್ತಿದ್ದ. ಮನೆಯ ಹಿಂದಿನ ಶೆಡ್ಡೇ ಅವರ ಸ್ಟುಡಿಯೋ; ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಎಲೆಗಳ ಹಳದಿ ಹದಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಗಿತ್ತು. ಕುಲುಮೆ ತುಸು ಹೆಚ್ಚು ಕಾದರೆ ಕಂದು, ಕಡಿಮೆಯಾದರೆ ಸಪ್ಪೆ. ಕೊನೆಗೆ ಜೇನಿನಂಥ ಬಣ್ಣ ಕೈಗೆ ಹತ್ತಿದಾಗ ಅವಳು ಶೆಡ್ಡಿನಲ್ಲೇ ಕುಣಿದುಬಿಟ್ಟಿದ್ದಳು. ಗೊಂಚಲು ಮೊಗಸಾಲೆಯಲ್ಲಿ ತೂಗಿದ ಮೇಲೆ, ಅಲ್ಲಿನ ಚಾವಣಿಯ ಕಿಂಡಿಯಿಂದ ಬಿಸಿಲಿಳಿದರೆ ಕೆಳಗಿನ ಬೆಂಚುಗಳೆಲ್ಲ ಹೊಂಬಣ್ಣ. ಕಟ್ಟಡದ ಆರ್ಕಿಟೆಕ್ಟ್ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದ.

ಅದೇ ಆಸ್ಪತ್ರೆಯಲ್ಲಿ ಅವಳ ತಂಗಿಗೆ ಹೆಣ್ಣು ಮಗುವಾಯಿತು. ಮನೆಗೆ ಹೊರಟ ದಿನ ಕಾರು ಬರುವ ತನಕ ಎಲ್ಲರೂ ಗೊಂಚಲಿನ ಕೆಳಗೇ ಕೂತರು. ಮಗು ದೊಡ್ಡಮ್ಮನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅಜ್ಜಿಯಾದ ಖುಷಿಯಲ್ಲಿ ಅಕ್ಕತಂಗಿಯರ ತಾಯಿ, ಕೂಸು ಚಿನ್ನದ ಗೊಂಬೆ ಹಾಗಿದೆ, ಎಲ್ಲ ದೊಡ್ಡಮ್ಮನ ಗಾಜಿನ ಮಹಿಮೆ ಎಂದರು. ಅವಳೂ ಹಿಗ್ಗಿಹೋದಳು.

ಕಾರು ಬಂತು. ಮಗುವನ್ನೆತ್ತಿಕೊಂಡು ಬಾಗಿಲು ದಾಟಿ ಬಯಲಿಗೆ ಬಂದವಳು ನಿಂತಲ್ಲೇ ನಿಂತಳು. ಬೆಳಕು ಬದಲಾಗಿತ್ತು, ಕೂಸಿನ ಮುಖದ ಹಳದಿ ಮಾತ್ರ ಹಾಗೇ ಉಳಿದಿತ್ತು.

"ಯಾಕಕ್ಕ?" ತಂಗಿ ಕೇಳಿದಳು.

"ಇಲ್ಲಿ ನನ್ನ ಗಾಜಿಲ್ಲ ಕಣೇ. ಇದು ಮಗೂದೇ ಬಣ್ಣ."

ಎಲ್ಲರೂ ಮರಳಿ ಒಳಗೆ ಓಡಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಾಮಾಲೆ, ಬೆಳಿಗ್ಗೆ ತುಸುವೇ ಇತ್ತು, ಈಗ ಏರಿದೆ, ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂದು ಮಗುವನ್ನು ಚಿಕಿತ್ಸೆಯ ನೀಲಿ ದೀಪದ ಕೆಳಗೆ ಮಲಗಿಸಿದರು. ಕೆಲವೇ ದಿನಗಳಲ್ಲಿ ಅದು ಗುಣವಾಯಿತು. ಗಾಜಿನ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಆದರೆ ಅವಳು ಮರಳಿ ಹೋಗಿ ಗೊಂಚಲಿನ ಕೆಳಗೆ ನಿಂತಳು. ಆ ಬೆಂಚುಗಳ ಮೇಲೆ ಇನ್ನೆಷ್ಟು ತಾಯಂದಿರು ಮಗುವನ್ನು ಮಡಿಲಲ್ಲಿಟ್ಟುಕೊಂಡು ಇದೇ ಹೊಳಪು ಕಂಡು ಹಿಗ್ಗಿರಬಹುದು?

ಹಳದಿ ಎಲೆಗಳನ್ನೆಲ್ಲ ಇಳಿಸೋಣ ಎಂದಾಗ ಗಂಡ ಕೈಗವಸು ತಿಕ್ಕುತ್ತಾ ಕೂತ. ಆಮೇಲೆ ಎದ್ದು ಏಣಿ ಹೊರಗೆಳೆದ. ಆರ್ಕಿಟೆಕ್ಟ್ ಮಾತ್ರ ಸಿಡಿಮಿಡಿಗೊಂಡ. ಗೊಂಚಲು ಬೋಳಾಗುತ್ತದೆ, ಇಡೀ ಮೊಗಸಾಲೆ ಕಳೆಗುಂದುತ್ತದೆ ಎಂದ.

"ಕಳೆ ಕಡಿಮೆ ಆದ್ರೂ ಪರವಾಗಿಲ್ಲ ಸಾರ್," ಅವಳೆಂದಳು. "ಇಲ್ಲಿ ಮಕ್ಕಳ ಮುಖ ಕಾಣ್ಬೇಕು."

ಆಸ್ಪತ್ರೆಯವರು ಒಪ್ಪಿದರು. ಹಳದಿಯ ಜಾಗದಲ್ಲಿ ಬಣ್ಣವಿಲ್ಲದ ಎಲೆಗಳು ತೂಗಿದವು.

ಮುಂದೆ ಮಗುವಿನ ತಪಾಸಣೆಗೆ ಬಂದ ತಂಗಿ ತಲೆಯೆತ್ತಿ ನೋಡಿ, "ಮೊದಲಿನ ಹಾಗಿಲ್ಲ ಅಲ್ವಾ ಅಕ್ಕ?" ಎಂದಳು.

"ಇಲ್ಲ ಕಣೇ," ಎಂದಳು ಅಕ್ಕ. ಅಷ್ಟು ಒಳ್ಳೆಯ ಹಳದಿ ಅವಳ ಕೈಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಆ ಬೇಸರವನ್ನು ಅವಳು ತಂಗಿಯಿಂದ ಮುಚ್ಚಿಡಲಿಲ್ಲ.